ಹತ್ತು ನಿಮಿಷದ ಭೀಮೇಶ

ಕಾರ್ಕಳದ ಕಡೆಯಿಂದ ಕುದುರೆಮುಖದ ಕಾಡಿಗೆ ಮೂರು ದಿನದ ಚಾರಣ ಹೊರಟವರಿಗೆ ದಾರಿ ತೋರಿಸುವ ಭೀಮೇಶನ ಗಡಿಯಾರದಲ್ಲಿ ಇರುವುದೇ ಹತ್ತು ನಿಮಿಷ. ಎರಡು ಗುಡ್ಡ, ಒಂದು ಹೊಳೆ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಿತ್ತೆಸೆಯುವ ಹೊತ್ತು, ಎಲ್ಲವೂ ಅದರೊಳಗೇ ಮುಗಿಯಬೇಕು. ಮಣಿಪಾಲದ ಪ್ರೊಫೆಸರೇ ಏದುಸಿರು ಬಿಡುತ್ತ ಕೂತುಬಿಟ್ಟರೂ ಅವರ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು, "ಇನ್ನು ಹತ್ತೇ ನಿಮಿಷ ಉಂಟು ಮಾರಾಯ" ಎನ್ನುತ್ತಾನೆ. "ಬೆಳಿಗ್ಗೆಯೂ ಹಾಗೇ ಹೇಳಿದ್ದೀರಿ ಅಲ್ವಾ?" ಎಂದು ಅವರು ರೇಗಿದರೆ, "ಹೌದ್ರೀ, ಆವಾಗೂ ಖರೇನ ಹೇಳೀನ್ರೀ" ಎಂದು ನಗುತ್ತಾನೆ. ಬಾಗಲಕೋಟೆಯಿಂದ ಕಲ್ಲು ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾದರೂ ಅವನ ಮಾತೆಲ್ಲ ಆ ಸೀಮೆಯದೇ. ಹತ್ತು ನಿಮಿಷದ ವಾಕ್ಯವೊಂದು ಮಾತ್ರ ಇಲ್ಲಿಯದು. ಅದನ್ನು ಅವನಿಗೆ ಕೊಟ್ಟವಳು ಕಾಡಂಚಿನ ಮನೆಯ ಅಪ್ಪಿಯಕ್ಕ. ಬಂದ ಹೊಸತರಲ್ಲಿ ಇದೇ ದಾರಿಯಲ್ಲಿ ಅವನಿಗೆ ಹಾವು ಕಚ್ಚಿದಾಗ, ಅವಳೂ ಅವಳ ತಮ್ಮನೂ ಕಂಬಳಿಯ ಜೋಲಿಯಲ್ಲಿ ಅವನನ್ನು ಹೊತ್ತು ಡಾಂಬರು ರಸ್ತೆಯವರೆಗೆ ನಾಲ್ಕು ಗಂಟೆ ನಡೆದಿದ್ದರು. ಇವತ್ತಿಗೂ ಅವಳ ಅಂಗಳದಲ್ಲಿ ಚಪ್ಪಲಿ ಕಳಚಿ ಕೈಮುಗಿಯದೆ ಅವನು ಮುಂದೆ ಹೋಗುವುದಿಲ್ಲ. ಅಂದು ಅವನ ಕಣ್ಣು ಮುಚ್ಚಿಕೊಂಡು ಬಂದಾಗಲೆಲ್ಲ ಅವಳು ಜೋಲಿಯತ್ತ ಬಗ್ಗಿ ಹೇಳಿದ್ದು ಅದೊಂದೇ ಮಾತು: "ಇನ್ನು ಹತ್ತೇ ನಿಮಿಷ ಉಂಟು ಮಾರಾಯ."