ಎರಡು ಸಲ ಉರಿದ ಇದ್ದಿಲು

ಬಾಬು ಜಾನ್ ಸುಮ್ಮನೆ ಕೂತದ್ದನ್ನು ಕಂಡವರು ಮಳವಳ್ಳಿಯಲ್ಲಿ ಯಾರೂ ಇಲ್ಲ. ಟೀ ಕುಡಿಯುವುದು ನಿಂತೇ. ಊಟಕ್ಕೆ ಕೂತರೂ ಒಂದು ಮಂಡಿ ಮೇಲಿರುತ್ತಿತ್ತು, ಯಾರೋ ಕರೆದರೆ ಎದ್ದು ಓಡುವವನ ಹಾಗೆ. "ನಮ್ಮೋರ ಕಾಲಲ್ಲೂ ಒಂದು ಇಂಜಿನ್ ಐತೆ, ಆರಿಸೋ ಕೀ ಮಾತ್ರ ಕಂಪ್ನಿಯೋರು ಕೊಟ್ಟಿಲ್ಲ" ಎಂದು ಹೆಂಡತಿ ಮಹಮೂದಾ ಹೇಳುತ್ತಿದ್ದಳು. ಅವನ ಮೈ ನೆಲೆ ನಿಲ್ಲುತ್ತಿದ್ದದ್ದು ಒಂದೇ ಜಾಗದಲ್ಲಿ: ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸಿನ ಡ್ರೈವರ್ ಸೀಟಿನಲ್ಲಿ.

ಎರಡನೇ ಮಹಾಯುದ್ಧ ಬಂತು, ಪೆಟ್ರೋಲು ಸೈನ್ಯದ ಪಾಲಾಯಿತು. ಬಸ್ಸುಗಳು ಇದ್ದಿಲಿನಲ್ಲಿ ಓಡಲಿ ಎಂದು ಸರ್ಕಾರದ ಹುಕುಂ ಆಯಿತು. ಬಸ್ಸಿನ ಬೆನ್ನಿಗೆ ಆಳೆತ್ತರದ ಡ್ರಮ್ಮು ಕಟ್ಟಿದರು. ಬೆಳಿಗ್ಗೆ ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ರಟ್ಟೆ ಬೀಳುವವರೆಗೆ ಕೈಫ್ಯಾನು ತಿರುಗಿಸಿ ಗ್ಯಾಸು ಎಬ್ಬಿಸಿದರೆ ಇಂಜಿನು ಕೆಮ್ಮುತ್ತ ಏಳುತ್ತಿತ್ತು. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು, ನಮ್ಮ ತಲೆ ದಾಟಿ, ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದ ಕಾಲ ಅದು. ಅದರ ಕೆಳಗೇ ನಮ್ಮ ಬಸ್ಸು ಹಸಿ ಸೌದೆ ಒಲೆಯ ಹಾಗೆ ಹೊಗೆ ಕಾರುತ್ತ ಹೋಗುತ್ತಿತ್ತು.

ನಲವತ್ತಮೂರನೇ ಇಸವಿಯಲ್ಲಿ ಇದ್ದಿಲಿಗೂ ಕತ್ತರಿ ಬಿತ್ತು. ಮೂಟೆ ಕಮ್ಮಿ, ಟ್ರಿಪ್ಪು ಮಾತ್ರ ಅಷ್ಟೇ. ಟ್ರಿಪ್ಪು ತಪ್ಪಿದರೆ ಪರ್ಮಿಟ್ಟು ರದ್ದು. ಪರ್ಮಿಟ್ಟು ಹೋದರೆ ಬಸ್ಸು ಶೆಡ್ಡಿಗೆ, ಬಾಬು ಜಾನ್ ಮನೆಗೆ.

"ಮನೇಲಿ ಕೂತು ಏನು, ಗೋಡೆ ಓಡಿಸ್ಲಾ?" ಎಂದು ಅವನು ಬಸ್ಸಿನ ಸುತ್ತ ಸುತ್ತತೊಡಗಿದ.

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅಕ್ಕಿ ಹುರಿದು ಪುರಿ ಮಾಡಿ ಮಾರುವ ಮುದುಕಿ ಮರಿತಾಯಮ್ಮನ ಒಲೆ ಇತ್ತು. ಒಂದು ಸಂಜೆ ಬಾಬು ಜಾನ್ ಎಂದಿನಂತೆ ಡ್ರಮ್ಮು ಕೆದಕಿ, ಕೆಳಕ್ಕೆ ಬಿದ್ದ ಕೆಂಡದ ರಾಶಿಗೆ ನೀರು ಸುರಿಯಲು ಬಕೆಟ್ಟು ಎತ್ತಿದ. ಮುದುಕಿ ಕಬ್ಬಿಣದ ಬಾಂಡ್ಲಿ ಹಿಡಿದು ಓಡಿ ಬಂದಳು.

"ತಡಿಯೋ ಬಾಬು, ಸುರೀಬ್ಯಾಡ ಕಣ್ಲಾ!"

"ಉರಿದೋಗಿರೋ ಬೂದಿ ಕಣವ್ವ ಇದು."

"ಬೂದಿ ಮೇಲ್ಗಡೆ. ಒಳಗೆ ಕೈಯಾಡ್ಸಿ ನೋಡು, ಅರ್ಧ ಜೀವ ಅಂಗೇ ಐತೆ. ನಮ್ಮತ್ತೆ ಒಂದು ಕೆಂಡನ ಮೂರು ಒತ್ತು ಉರುಸ್ತಿದ್ಲು. ನೀರು ಉಯ್ದ್ರೆ ಇದ್ದಿಲು ಮುನಿಸ್ಕತದೆ. ಉಸುರು ಕಟ್ಟಿಸ್ಬೇಕು."

ಅವಳು ಕೆಂಡವನ್ನೆಲ್ಲ ಮಣ್ಣಿನ ಗುಡಾಣಕ್ಕೆ ತುಂಬಿ, ಮುಚ್ಚಳ ಇಟ್ಟು, ಸುತ್ತಲೂ ಸಗಣಿ ಮೆತ್ತಿದಳು. ಬೆಳಿಗ್ಗೆ ತೆಗೆದರೆ ಒಳಗೆ ಒಣಗಿದ ಕಪ್ಪು ಇದ್ದಿಲು; ಒಂದಕ್ಕೊಂದು ತಾಗಿಸಿದರೆ ಗಾಜಿನ ಬಳೆಯಂತೆ ಸದ್ದು ಮಾಡಿತು. ಅದರಲ್ಲೇ ಅವಳ ಒಲೆ ಮಧ್ಯಾಹ್ನದವರೆಗೆ ಉರಿಯಿತು. ಬಾಬು ಜಾನ್ ಅಂದು ಪುರಿ ಕೊಂಡದ್ದು ನಾಲ್ಕು ಸಲ, ತಿಂದದ್ದು ಒಂದು ಸಲವೂ ಇಲ್ಲ; ಒಲೆಯನ್ನೇ ನೋಡುತ್ತಿದ್ದ.

ಮರುವಾರ ಹಳೆಯ ಇದ್ದಿಲನ್ನು ಹೊಸದಕ್ಕೆ ಬೆರೆಸಿ ಡ್ರಮ್ಮು ತುಂಬಿದ. ಆತುರಗಾರ, ಜರಡಿ ಹಿಡಿಯಲಿಲ್ಲ. ಕಾಳಮುದ್ದನದೊಡ್ಡಿ ದಾಟುವಷ್ಟರಲ್ಲಿ ಪುಡಿಯೆಲ್ಲ ಗ್ಯಾಸಿನ ಕೊಳವೆಗೆ ಸೇರಿ ಬಸ್ಸು ನಿಂತಿತು. ಜನ ಇಳಿದು ತಳ್ಳಿದರು. ದಿನಾ ಬರುವ ಜವರಯ್ಯ ಬೆವರು ಒರೆಸುತ್ತ, "ಬಾಬಣ್ಣ, ಟಿಕೀಟು ತಕ್ಕಂಡಿರೋದು ನಾವಾ, ನಿನ್ ಬಸ್ಸಾ?" ಎಂದ.

ಅಂದಿನಿಂದ ಮಹಮೂದಾಳ ಕಾಳಿನ ಜರಡಿ ಶೆಡ್ಡಿಗೆ ಹೋಯಿತು. ಗುಡಾಣ ಒಂದಿದ್ದದ್ದು ಐದಾಯಿತು. ಇದ್ದಿಲು ಕಮ್ಮಿಯಾದರೂ ಒಂದು ಟ್ರಿಪ್ಪೂ ತಪ್ಪಲಿಲ್ಲ.

ಕುತ್ತು ಬಂದದ್ದೇ ಅಲ್ಲಿಂದ. ಹೊರಗಿನಿಂದ ಬಂದ ಸಾರಿಗೆ ಇನ್ಸ್‌ಪೆಕ್ಟರೊಬ್ಬರು ಟ್ರಿಪ್ಪಿನ ಲೆಕ್ಕದ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು.

"ಕೊಟ್ಟ ಮೂಟೆಗೆ ಇಷ್ಟು ದೂರ ಓಡಲು ಸಾಧ್ಯವೇ ಇಲ್ಲ. ಉಳಿದ ಇದ್ದಿಲು ಯಾವ ಕಾಡಿನಿಂದ ಕದ್ದೆ?"

"ಕಾಡಿಂದಲ್ಲ ಸ್ವಾಮಿ, ಡ್ರಮ್ಮಿಂದ್ಲೇ ಕದ್ದಿದ್ದು."

"ಉರಿದದ್ದು ಮತ್ತೆ ಉರಿಯುತ್ತದೆಯೇನಯ್ಯಾ? ಕಥೆ ಬೇಡ. ಪರ್ಮಿಟ್ಟು ರದ್ದಿಗೆ ಬರೆಯುತ್ತೇನೆ."

ಬಾಬು ಜಾನನ ಕಾಲು ನಿಂತಲ್ಲಿ ನಿಲ್ಲಲಿಲ್ಲ. "ಬರೀರಿ. ಅದಕ್ಕೆ ಮುಂಚೆ ಬಸ್ಸು ಅತ್ತಿ. ನಿಮ್ ಕಣ್ಮುಂದೆ ಬರೀ ಹಳೇ ಇದ್ದಿಲು ತುಂಬ್ತೀನಿ. ಮದ್ದೂರು ಮುಟ್ಟದಿದ್ರೆ, ನಿಂತ ಜಾಗದಲ್ಲೇ ಬರೀರಿ."

ಹೊಸ ಮೂಟೆಗಳನ್ನು ಶೆಡ್ಡಿನಲ್ಲಿಟ್ಟು ಇನ್ಸ್‌ಪೆಕ್ಟರೇ ಬೀಗ ಹಾಕಿದರು. ಗುಡಾಣ ಐದೂ ಬರಿದಾದವು. ಬಸ್ಸು ಹೊರಟಿತು. ಬಾಬು ಜಾನನ ಕಿವಿಯೆಲ್ಲ ಇಂಜಿನಿನ ಮೇಲೆ. ಒಂದು ಕೆಮ್ಮಿಗೆ ಒಂದು ಸಲ ಅಲ್ಲಾನನ್ನು ನೆನೆದ. ಕಾಳಮುದ್ದನದೊಡ್ಡಿ ದಾಟಿತು. ಮದ್ದೂರು ಹತ್ತಿರವಿದ್ದಾಗ ಒಂದು ಏರಿನಲ್ಲಿ ಬಸ್ಸು ಎತ್ತಿನಂತೆ ಏದುಸಿರು ಬಿಟ್ಟಿತು. ಇದ್ದಿಲು ಬಸ್ಸಿನ ವಾಡಿಕೆಯಂತೆ ಜನ ಹೇಳಿಸಿಕೊಳ್ಳದೆ ಇಳಿದರು. ಇನ್ಸ್‌ಪೆಕ್ಟರು ಕೂತೇ ಇದ್ದರು.

ಜವರಯ್ಯ ಕಿಟಕಿಗೆ ಮುಖ ಇಟ್ಟ. "ಇಳೀರಿ ಸ್ವಾಮಿ. ಏರಲ್ಲಿ ಸರ್ಕಾರನೂ ಇಳೀಬೇಕು."

ಅವರು ಇಳಿದರು. ಬಸ್ಸು ಯಾರೂ ತಳ್ಳದೆ ಏರು ಹತ್ತಿತು.

ಮದ್ದೂರಿನಲ್ಲಿ ಇನ್ಸ್‌ಪೆಕ್ಟರು ಡ್ರಮ್ಮಿನ ಬಾಯಿ ತೆರೆಸಿ ಬಗ್ಗಿ ನೋಡಿದರು. ಇನ್ನೂ ಒಂದು ಪದರ ಕೆಂಡವಿತ್ತು. ಪುಸ್ತಕ ತೆಗೆದು, ಪರ್ಮಿಟ್ಟು ಮುಂದುವರಿಯಲಿ ಎಂದು ಬರೆದರು. ಬಾಬು ಜಾನ್ ಉಸಿರು ಬಿಟ್ಟ. ಅವರ ಪೆನ್ನು ನಿಲ್ಲಲಿಲ್ಲ. "ಹಳೆಯದರಲ್ಲೇ ಓಡುವುದು ರುಜುವಾತಾಗಿದೆ, ಮುಂದಿನ ತಿಂಗಳಿಂದ ಇನ್ನೂ ಎರಡು ಮೂಟೆ ಕಡಿಮೆ ಮಾಡಬಹುದು."

ವಾಪಸು ಬಂದು ಹೇಳಿದಾಗ ಮರಿತಾಯಮ್ಮ ಪುರಿ ಜರಡಿಯನ್ನೇ ಕೆಳಗಿಟ್ಟು ನಕ್ಕಳು. "ಅರೆಹೊಟ್ಟೇಲೂ ಎತ್ತು ಗೇಯ್ತದೆ ಅಂತ ಧಣಿ ಮುಂದೆ ತೋರ್ಸುದ್ರೆ ಇನ್ನೇನಾಯ್ತದೆ ಮತ್ತೆ?"

"ಅದು ಬುಡವ್ವ, ಪರ್ಮಿಟ್ಟು ಉಳೀತಲ್ಲ. ಸ್ವಲ್ಪ ಕೂರು ಅಂತ ಮಾತ್ರ ಅನ್ಬೇಡ."

ಆಗಲೇ ಅವನ ಹೆಗಲ ಮೇಲೆ ಖಾಲಿ ಚೀಲವಿತ್ತು. ಕೆಂಡ ಆರಿಸುವ ಹೊತ್ತಿಗೆ ಸರಿಯಾಗಿ ಕಮ್ಮಾರ ಅಂಕಯ್ಯನ ಕುಲುಮೆಯ ದಾರಿ ಹಿಡಿದು, ಅರ್ಧ ಬೀದಿ ದೂರದಿಂದಲೇ ಕೂಗಿದ:

"ಅಂಕಯ್ಯಣ್ಣಾ, ನೀರು ಉಯ್ಯಬ್ಯಾಡ! ಬಂದೆ, ಬಂದೆ!"