ಅಮಾವಾಸ್ಯೆ ಸಭೆಯ ಒಂದು ವಿರೋಧ

ಕೊಟ್ಟೂರಿನ ಮಾರುಕಟ್ಟೆಯಲ್ಲಿ ನಮ್ಮ ಮನೆಯವರು ಮೂಟೆ ಹೊರುತ್ತಿದ್ದರು, ನಾನು ಶೇಂಗಾ ಹಸನು ಮಾಡುತ್ತಿದ್ದೆ. ಇಬ್ಬರೂ ಹಮಾಲರ ಸಂಘದ ಸದಸ್ಯರು. ಅವರು ಕಾರ್ಯದರ್ಶಿ ಬೇರೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಬಸ್ಸು ಹತ್ತಿ ಅಲ್ಲಿಯ ಹಮಾಲರನ್ನೂ ಒಟ್ಟು ಮಾಡುತ್ತಿದ್ದರು. ಎಷ್ಟೇ ತಿರುಗಲಿ, ಊಟದ ಹೊತ್ತಿಗೆ ಮನೆಗೆ ಬಂದೇ ಬರುತ್ತಿದ್ದರು. ನಾನೋ ಜಗಳಗಂಟಿ. ನನ್ನ ಕೈಲಿ ನಾಲ್ಕು ಮಾತು ಅನ್ನಿಸಿಕೊಳ್ಳದಿದ್ದರೆ ಅವರಿಗೆ ಉಂಡಿದ್ದು ಮೈಗೆ ಹತ್ತುತ್ತಿರಲಿಲ್ಲ.

ಅಮಾವಾಸ್ಯೆಗೆ ಮಾರುಕಟ್ಟೆ ರಜೆ. ಅವತ್ತೇ ಬೇವಿನ ಮರದ ಕೆಳಗೆ ಸಂಘದ ಸಭೆ. ಅಲ್ಲಿ ನಮ್ಮ ಮನೆಯವರೇ ಮಾಡಿದ ಎರಡು ನಿಯಮಗಳಿದ್ದವು. ವಿರೋಧ ಇದ್ದವರ ಮಾತನ್ನು ಮೊದಲು ಕೇಳಬೇಕು. ಠರಾವು ಪಾಸಾದ ಮೇಲೆ, ವಿರೋಧಿಸಿದವರೂ ಅದಕ್ಕೆ ದುಡಿಯಬೇಕು.

ತೊಂಬತ್ತರ ದಶಕದ ಕೊನೆಗೆ ಒಂದು ಪಕ್ಷದವರು ಬಂದು, ಎಮ್ಮೆಲ್ಲೆ ಎಲೆಕ್ಷನ್ನಿಗೆ ನಿಲ್ಲಿ ಎಂದು ನಮ್ಮ ಮನೆಯವರ ಬೆನ್ನು ಹತ್ತಿದರು. ಸುದ್ದಿ ಇಡೀ ಮಾರುಕಟ್ಟೆಗೆ ಗೊತ್ತು, ನನಗೊಬ್ಬಳಿಗೇ ಇಲ್ಲ. ಮಂಡಕ್ಕಿ ಅಂಗಡಿಯವಳು ಹೇಳಿದಾಗ ಮೈಯೆಲ್ಲ ಉರಿಯಿತು. ಎರಡು ದಿನ ರೊಟ್ಟಿ ಬಡಿದು ಮುಂದಿಟ್ಟೆನೇ ಹೊರತು ತುಟಿ ಬಿಚ್ಚಲಿಲ್ಲ.

ಅಮಾವಾಸ್ಯೆ ಬಂತು. ಕಾರ್ಯದರ್ಶಿ ಎಲೆಕ್ಷನ್ನಿಗೆ ನಿಲ್ಲಬೇಕು ಎಂಬ ಠರಾವನ್ನು ಅವರೇ ಓದಿ, ವಿರೋಧ ಇದ್ದವರು ಕೈ ಎತ್ತಿ ಅಂದರು. ನಾನು ಎತ್ತಿದೆ. ನನ್ನನ್ನು ನೋಡಿದ್ದೇ ಅವರು ತಬ್ಬಿಬ್ಬಾದರು. ಹೆಣ್ಣಾಳು ಯಾರೇ ಎದ್ದರೂ ಅನ್ನುವ ರೂಢಿಯ ಮಾತೇ ಬಾಯಿಗೆ ಬಂತು.

"ಮಾತಾಡ್ರಿ, ಅಕ್ಕಾರ."

ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಡತಿಗೆ ಅಕ್ಕ ಅಂದ ಪುಣ್ಯಾತ್ಮ ಎಂದು ಊರವರು ಆಮೇಲೆ ವರ್ಷಗಟ್ಟಲೆ ಆಡಿಕೊಂಡರು. ನನಗೆ ಮಾತ್ರ ಅವತ್ತು ನಗು ಬರಲಿಲ್ಲ.

"ಸೋತ್ರ ಮರುದಿನ ಮನಿಗೆ ಬರ್ತಾರ. ಗೆದ್ರ ಬರ್ತಾರೇನು? ಅದನ್ನ ಯಾರರ ಹೇಳ್ರಿ," ಅಂದೆ.

ಮನೆ ಗೆದ್ದು ಮಾರು ಗೆಲ್ಲಪ್ಪ ಎಂದು ಒಬ್ಬ ಮುದುಕ ಹಮಾಲ ಅವರನ್ನು ಛೇಡಿಸಿದ. ಅವರು ತಲೆ ತಗ್ಗಿಸಿ ಪುಸ್ತಕದಲ್ಲಿ ಒಂದು ವಿರೋಧ ಎಂದು ಬರೆದುಕೊಂಡರು. ಠರಾವು ಪಾಸಾಯಿತು.

ನಿಯಮ ಅಂದ ಮೇಲೆ ನಿಯಮ. ಸೆರಗು ಸಿಕ್ಕಿಸಿ ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳವರೆಗೂ ಮನೆ ಮನೆ ಹತ್ತಿಳಿದೆ. ನನ್ನ ವೋಟನ್ನೂ ಅವರಿಗೇ ಹಾಕಿದೆ. ಅವರು ಗೆದ್ದರು.

ಕೆಟ್ಟವರೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಮಾಲರಿಗೆ ನೆರಳು ಮಾಡಿಸಿದರು, ಕುಡಿಯುವ ನೀರು ತಂದರು. ಆದರೆ ಮನೆಗೆ ನೆಂಟರ ಹಾಗೆ ಬರುತ್ತಿದ್ದರು, ಬಂದರೆ ಹಿಂದೆ ಹತ್ತು ಜನ. ನಾನು ಏನು ಅಂದರೂ ಹ್ಞೂಂ ಅನ್ನುವುದು, ಮತ್ತೆ ಕಾರು ಹತ್ತುವುದು. ಜಗಳಕ್ಕೂ ಪುರುಸೊತ್ತಿಲ್ಲ! ಅಯ್ಯ ಶಿವನೇ, ಗಂಡ ಇದ್ದೂ ಆ ಐದು ವರ್ಷ ಎಷ್ಟು ಒಂಟಿಯಾಗಿದ್ದೆ.

ಎರಡನೇ ಸಲ ಅವರು ನಿಲ್ಲುವುದು ಬೆಂಗಳೂರಿನಲ್ಲೇ ತೀರ್ಮಾನವಾಯಿತು. ಅಮಾವಾಸ್ಯೆ ಸಭೆಯನ್ನು ಯಾರೂ ಕೇಳಲಿಲ್ಲ. ನಿಂತರು, ಸೋತರು.

ಎಣಿಕೆ ಮುಗಿದ ಮಧ್ಯಾಹ್ನ ಒಬ್ಬರೇ ನಡೆದುಕೊಂಡು ಬಂದು ಒಲೆಯ ಹತ್ತಿರ ಕೂತರು. ಕೂದಲು ಬೆಳ್ಳಗಾಗಿದ್ದನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ನೀರು ಕುಡಿದು ಕೇಳಿದರು: "ನೀ ಯಾರಿಗೆ ಹಾಕಿದಿ?"

"ಈ ಸಲ ಠರಾವು ಆಗಿರಲಿಲ್ಲಲ್ಲ. ನಿಮಗ ಹಾಕ್ಲಿಲ್ಲ."

ಸೋತು ಬಂದವರಿಗೆ ಎಂಥ ಮಾತು ಅಂದೆ, ಪಾಪಿ ನಾನು. ಅವರು ಖಾಲಿ ಚೊಂಬನ್ನು ಒಲೆಯ ಪಕ್ಕಕ್ಕೆ ಇಟ್ಟರು.

"ವೋಟಿನ ಗುಂಡಿ ಮುಂದ ನಿಂತಾಗ ಮನಿ ನೆನಪಾತು," ಅಂದರು. "ನನಗ ನಾನೂ ಹಾಕ್ಕೊಳ್ಳಲಿಲ್ಲ."

ಸಮಾಧಾನ ಹೇಳಲು ಬಂದ ಹಮಾಲರು ಬಾಗಿಲಲ್ಲೇ ನಿಂತರು. ಒಳಗೆ ನಾವಿಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದೆವು.