ತಾಳಕ್ಕೆ ಸರಿಯಾಗಿ ತೊದಲುವುದು

ಹೇಸಿಗೆಯಾದಾಗ ಟೀಚರ ಮೂಗಿನ ಎಡ ಹೊಳ್ಳೆ ಮಾತ್ರ ಮೇಲೇರುತ್ತಿತ್ತು. ಬಲದ್ದು ಕದಲುತ್ತಿರಲಿಲ್ಲ. ಅದರ ಹಿಂದೆಯೇ ಮೇಲ್ದುಟಿಯ ಒಂದು ಮೂಲೆ ಎದ್ದು, ಅಂಚು ಮುರಿದ ಹಲ್ಲೊಂದು ಕಾಣುತ್ತಿತ್ತು. ಕೈಗಳು ಕೀಬೋರ್ಡಿನ ಮೇಲೆ ಓಡುತ್ತಲೇ ಇರುತ್ತಿದ್ದವು. ಹಾಡುತ್ತಿದ್ದ ನಮಗೆ ಅಷ್ಟೇ ಸಾಕಾಗುತ್ತಿತ್ತು. ಯಾರ ಸ್ವರ ಎಲ್ಲಿ ಕೆಟ್ಟಿತೆಂದು ನಮಗೆ ನಾವೇ ಹುಡುಕಿಕೊಳ್ಳುತ್ತಿದ್ದೆವು. ಅವರಿಗೆ ಹೇಸಿಗೆ ತರುವ ಸಂಗತಿಗಳು ಬಹಳ ಇದ್ದವು: ಮುಚ್ಚಳ ಹಾಕದ ಸಕ್ಕರೆ ಡಬ್ಬ, ಸಾಲಿನ ಕೊನೆಯ ಅಕ್ಷರವನ್ನು ನುಂಗುವ ಹಾಡುಗಾರರು, ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟುವವರು, ತಮ್ಮ ಹಾಡಿಗೆ ತಾವೇ ಕಣ್ಣೀರು ಹಾಕುವವರು. "ಶೀ, ಹೇಸಿಗೆ" ಎನ್ನುತ್ತಿದ್ದರು. ಜೋರಾಗಿ ಅಲ್ಲ. ಕಾಲಿಗೆ ಏನೋ ಅಂಟಿದವರ ಹಾಗೆ.

ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದವರು. ಮುಂಬಯಿಯ ಶಾಲೆಯೊಂದರಲ್ಲಿ ಬಹಳ ವರ್ಷ ಪಾಶ್ಚಾತ್ಯ ಸಂಗೀತ ಕಲಿಸಿ, ನಿವೃತ್ತರಾಗಿ ಬಂದು, ಕಾರ್ಕಳದ ಆನೆಕೆರೆಯ ಹತ್ತಿರ ಎರಡು ಕೋಣೆಯ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಹತ್ತು ವರ್ಷದ ಹುಡುಗಿಯನ್ನೂ 'ನೀವು' ಎಂದೇ ಕರೆಯುತ್ತಿದ್ದರು.

ನಾನು ಉಚ್ಚಿಲದವನು. ಮನೆಮಾತು ತುಳು, ಕೆಲಸ ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು. ಚಿಕ್ಕಂದಿನಿಂದಲೂ ತೊದಲುತ್ತೇನೆ. 'ಕ' ಮತ್ತು 'ಮ' ನನ್ನ ಶತ್ರುಗಳು. ಕಾಪು, ಕಾರ್ಕಳ, ಮಣಿಪಾಲ ಎಂದು ನನ್ನ ಬದುಕೆಲ್ಲ ಆ ಎರಡು ಅಕ್ಷರಗಳ ಊರುಗಳಲ್ಲೇ ಕಳೆದಿದೆ. ಬಸ್ಸಿನಲ್ಲಿ ಕಾರ್ಕಳ ಎನ್ನಲಾಗದೆ ಹಿರಿಯಡ್ಕಕ್ಕೆ ಟಿಕೆಟು ತೆಗೆದುಕೊಂಡು, ಅಲ್ಲಿಳಿದು ಮುಂದಿನ ಬಸ್ಸಿನ ಕಂಡಕ್ಟರಿಗೆ ಚೀಟಿಯಲ್ಲಿ ಬರೆದು ತೋರಿಸಿದ್ದೂ ಉಂಟು. ಆದರೆ ಹಾಡುವಾಗ ತೊದಲುವುದಿಲ್ಲ. ಅದನ್ನು ಗಮನಿಸಿದ ನರ್ಸೊಬ್ಬರು, "ನೀವು ನಮ್ಮ ಟೀಚರ ಹತ್ತಿರ ಹೋಗಿ ಮಾರಾಯ್ರೆ" ಎಂದು ಒತ್ತಾಯಿಸಿ ಕಳಿಸಿದರು. ಆಗ ನನಗೆ ಮೂವತ್ತಮೂರು.

ಮೊದಲ ದಿನ ಟೀಚರ್ ಹೆಸರು ಕೇಳಿದರು. ನನ್ನ ಹೆಸರೂ 'ಮ'ದಿಂದಲೇ ಶುರುವಾಗುವುದು. ತುಟಿ ಅಂಟಿಕೊಂಡಿತು, ಹೇಗೋ ಬಿಡಿಸಿ ಹೇಳಿದೆ. ಹೇಳಿದ ಮೇಲೆ ಅಭ್ಯಾಸದಂತೆ ನಕ್ಕೆ. ಎಡ ಹೊಳ್ಳೆ ಏರಿತು.

"ನಿಮ್ಮ ಹೆಸರಲ್ಲಿ ನಗುವಂಥದ್ದು ಎಂತ ಉಂಟು?"

"ಸುಮ್ಮನೆ, ಟೀಚರ್."

"ಬೇರೆಯವರು ನಗುವ ಮೊದಲೇ ತಾನು ನಕ್ಕು ತೋರಿಸುವುದು ಒಂದು ರೀತಿಯ ಲಂಚ. ನನ್ನ ಮನೆಯಲ್ಲಿ ಅದು ಬೇಡ. ಆ ಸ್ಟೂಲ್ ಎಳೆದು ಕುಳಿತುಕೊಳ್ಳಿ."

ಅವರ ಬಳಿ ಒಂದು ಜೆರಾಕ್ಸ್ ಕಟ್ಟು ಇತ್ತು. ಮುಂಬಯಿಯ ವಯಸ್ಸಾದ ಪಾದ್ರಿಯೊಬ್ಬರು ಕೊಟ್ಟದ್ದು. ಮುನ್ನೂರು ವರ್ಷಕ್ಕೂ ಹಿಂದೆ, ಬರೋಕ್ ಎಂದು ಕರೆಯುವ ಕಾಲದಲ್ಲಿ, ಇಟಲಿಯ ಯಾವನೋ ಬರೆದ ಹಾಸ್ಯದ ಒಪೆರಾ. ಅವನ ಊರಿನಲ್ಲೂ ಈಗ ಅದನ್ನು ಯಾರೂ ಆಡುವುದಿಲ್ಲವಂತೆ. ಒಪೆರಾ ಎಂದರೆ ನಮ್ಮ ಯಕ್ಷಗಾನದ ಹಾಗೆಯೋ ಎಂದು ಕೇಳಿದ್ದೆ. "ಯಕ್ಷಗಾನದಲ್ಲಿ ಪದ್ಯ ಆದ ಮೇಲೆ ಅರ್ಥ ಹೇಳ್ತಾರೆ. ಇದರಲ್ಲಿ ಅರ್ಥವನ್ನೂ ಹಾಡಿಯೇ ಹೇಳಬೇಕು" ಎಂದಿದ್ದರು. ಎರಡು ವರ್ಷ ಕುಳಿತು ಅದನ್ನು ಕನ್ನಡಕ್ಕೆ ತಂದಿದ್ದರು. ಇಟಾಲಿಯನ್ನಿನ ಹಾಗೆ ಕನ್ನಡದ ಮಾತುಗಳೂ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ, ಇಂಗ್ಲಿಷಿನಲ್ಲಿ ಹಾಡಿದರೆ ಬಾಗಿಲು ಬಡಿದುಕೊಂಡ ಹಾಗೆ ಕೇಳುತ್ತದೆ ಎಂದು ಅವರ ವಾದ.

ಕಥೆ ಸರಳ. ಒಬ್ಬ ಮುದಿ ಜಮೀನ್ದಾರ ಪಕ್ಕದ ಮನೆಯ ತರುಣ ವಿಧವೆಗೆ ತನ್ನ ಆಳಿನ ಬಾಯಲ್ಲಿ ಸಂದೇಶ ಕಳಿಸುತ್ತಾನೆ. ಆಳಿಗೆ ತೊದಲು. ಅವನು ಅರ್ಧ ಹೇಳುವಷ್ಟರಲ್ಲಿ ಕೇಳುವವರು ಉಳಿದರ್ಧವನ್ನು ತಾವೇ ಊಹಿಸಿಕೊಂಡು ಓಡುತ್ತಾರೆ. ಅದರಿಂದ ಎಲ್ಲ ಎಡವಟ್ಟು. ಆ ತೊದಲನ್ನೂ ಸಂಗೀತಗಾರ ಸ್ವರ ಹಾಕಿ ಬರೆದಿದ್ದ. ಒಂದೇ ಅಕ್ಷರ ನಾಲ್ಕು ಸಲ, ಎಂಟು ಸಲ, ಓಡುವ ತಾಳದ ಮೇಲೆ.

ಮಣಿಪಾಲದ ಒಂದು ಕಲಾಸಂಘ ಆಟವನ್ನು ರಂಗಕ್ಕೆ ತರಲು ಮುಂದೆ ಬಂತು. ಅದರ ಕಾರ್ಯದರ್ಶಿಗಳಿಗೆ ಒಳ್ಳೆಯ ದಪ್ಪ ಕಂಠವಿತ್ತು, ಜಮೀನ್ದಾರನ ಪಾತ್ರ ಅವರದೇ. ಪಾತ್ರ ಹಂಚುವ ದಿನ ಅವರು ನನ್ನ ಬೆನ್ನು ತಟ್ಟಿ, "ಆಳಿನ ಪಾತ್ರಕ್ಕೆ ಹುಡುಕುವುದು ಎಂತದಕ್ಕೆ ಮಾರಾಯ್ರೆ? ಒರಿಜಿನಲ್ ಇಲ್ಲೇ ಉಂಟಲ್ಲ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟೀಚರ್ ಹಾಳೆಗಳನ್ನು ಕಟ್ಟಿ ಚೀಲಕ್ಕೆ ಹಾಕಿ ಎದ್ದೇಬಿಟ್ಟರು.

ಮರುದಿನ ಕಾರ್ಕಳಕ್ಕೆ ಹೋಗಿ, ಆ ಪಾತ್ರ ನನಗೆ ಬೇಕು ಎಂದೆ. ನಿಜವಾಗಿಯೂ ಬೇಕಿತ್ತು. ಅವರು ಆಳಿನ ಪಾತ್ರದ ಹಾಳೆಗಳನ್ನು ನನ್ನ ಮುಂದಿಟ್ಟರು.

"ಹಾಡುವಾಗ ನಿಮಗೆ ತೊದಲು ಬರುವುದಿಲ್ಲ. ಇದರಲ್ಲಿ ಬರಬೇಕು, ಅದೂ ಅವನು ಬರೆದಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಆಗ್ತದಾ?"

ನಾಲ್ಕು ತಿಂಗಳು, ತಾಳ ಎಣಿಸುವ ಮೆಟ್ರೊನೋಮಿನ ಟಿಕ್ ಟಿಕ್ ಎದುರು ಕುಳಿತು ತಾಳಕ್ಕೆ ಸರಿಯಾಗಿ ತೊದಲುವುದನ್ನು ಕಲಿತೆ. ಇಷ್ಟು ವರ್ಷ ನನ್ನನ್ನು ಎತ್ತಿ ಎತ್ತಿ ಒಗೆದದ್ದನ್ನು ಹಗ್ಗ ಹಾಕಿ ಕಟ್ಟಿದಂತಿತ್ತು. ಕೊನೆಯ ಅಂಕದಲ್ಲಿ ಆಳಿಗೆ ಒಂದು ಹಾಡು ಉಂಟು. ಎಲ್ಲರ ಮದುವೆ ನಿಶ್ಚಯವಾಗಿ ಮನೆ ಖಾಲಿಯಾದ ಮೇಲೆ ಅವನೊಬ್ಬನೇ ನೆಲ ಒರೆಸುತ್ತ ಹಾಡುತ್ತಾನೆ: 'ಎಲ್ಲರ ಮಾತು ಹೊತ್ತೆ, ನನ್ನದೊಂದು ಯಾರೂ ಹೊರಲಿಲ್ಲ.' ಆ ಹಾಡಿನಲ್ಲಿ ತೊದಲು ಇಲ್ಲ. ಒಂದೇ ಒಂದು ಕಡೆಯೂ ಇಲ್ಲ.

ಕಾರ್ಯದರ್ಶಿಗಳು ಅದನ್ನು ಕತ್ತರಿಸೋಣ ಎಂದರು. "ಸ್ಲೋ ಆಯ್ತು ಟೀಚರ್. ಈಗಿನ ಜನಕ್ಕೆ ಬೋರ್ ಆಗ್ತದೆ. ಕಾಮಿಡಿ ಅಂತ ಹೇಳಿ ಕರೆದದ್ದಲ್ವಾ?"

"ಆ ಹಾಡಿಗಾಗಿಯೇ ನಾನು ಉಳಿದದ್ದೆಲ್ಲ ಮಾಡ್ತಾ ಇರುವುದು. ಅದು ಇಲ್ಲದಿದ್ದರೆ ಇದು ತೊದಲನಿಗೆ ಕಲ್ಲು ಹೊಡೆಯುವ ಆಟ, ಅಷ್ಟೆ. ಅದನ್ನು ನೋಡ್ಲಿಕ್ಕೆ ಜನ ಟಿಕೆಟು ತೆಗೆಯಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಗ್ತದೆ."

ಹಾಡು ಉಳಿಯಿತು.

ಪ್ರದರ್ಶನದ ಸಂಜೆ ಭಾಷಣಗಳೇ ಒಂದು ಗಂಟೆ ನಡೆದವು. ರಿಹರ್ಸಲ್ ನೋಡಿದ್ದ ಮುಖ್ಯ ಅತಿಥಿಗಳು ಮೈಕಿನೆದುರು 'ಮ-ಮ-ಮಣಿಪಾಲ' ಎಂದು ನಗಿಸಿ ಕುಳಿತರು. ಹೊರಗೆ ಹಂಚುತ್ತಿದ್ದ ಗೋಬಿ ಮಂಚೂರಿಯ ಎಣ್ಣೆವಾಸನೆ ಎಸಿಯ ತಣ್ಣಗಿನ ಗಾಳಿಯಲ್ಲಿ ಕೂತುಬಿಟ್ಟಿತ್ತು. ಗ್ರೀನ್ ರೂಮಿನಲ್ಲಿ ಕಾರ್ಯದರ್ಶಿಗಳು ನನ್ನ ಕೈಗೆ ಪ್ಲಾಸ್ಟಿಕ್ಕಿನ ಸೊಟ್ಟ ಹಲ್ಲುಸೆಟ್ಟು ಕೊಟ್ಟರು. "ಟೀಚರಿಗೆ ಹೇಳಬೇಡಿ. ಎಫೆಕ್ಟ್ ನೋಡಿ ನೀವು." ನಾನು ಹಾಕಿಕೊಂಡೆ. ಯಾರೂ ಬಲವಂತ ಮಾಡಲಿಲ್ಲ.

ನಾನು ಮೊದಲ ಸಲ ತೊದಲಿದಾಗ ಸಭೆ ಗೊಳ್ಳೆಂದಿತು. ಎರಡನೆಯ ಸಲ ಇನ್ನೂ ಜೋರು. ನಗು ಎಂದರೆ ನನಗೆ ಅಲ್ಲಿಯವರೆಗೆ ಬೆನ್ನ ಹಿಂದಿನಿಂದ ಬರುವ ಸದ್ದು. ಈಗ ಎದುರಿನಿಂದ, ಚಪ್ಪಾಳೆ ಸಮೇತ ಬರುತ್ತಿತ್ತು. ನನಗೆ ಅಮಲೇರಿತು. ನಾಲ್ಕು ಸಲ ಬರೆದಲ್ಲಿ ಆರು ಸಲ ತೊದಲಿದೆ. ಸೊಟ್ಟ ಹಲ್ಲಿನಿಂದ ಎಂಜಲು ಸುರಿಸಿದೆ. ಟೀಚರ್ ಕೀಬೋರ್ಡಿನಲ್ಲಿ ನನ್ನನ್ನು ಕಾಯುತ್ತ, ಹಿಡಿಯುತ್ತ, ತಾಳಕ್ಕೆ ಎಳೆದು ತರುತ್ತಿದ್ದರು. ನಾನು ಅವರತ್ತ ನೋಡುವುದನ್ನೇ ಬಿಟ್ಟೆ.

ಕೊನೆಗೆ ಆ ಹಾಡು ಬಂತು. ದೀಪಗಳು ಇಳಿದವು. ಕೈಯಲ್ಲಿ ನೆಲ ಒರೆಸುವ ಬಟ್ಟೆ. ಸಭೆ ಮೌನವಾಯಿತು. ಆ ಮೌನಕ್ಕೆ ನಾನು ಹೆದರಿದೆ. ಇಷ್ಟು ಹೊತ್ತು ನನ್ನದಾಗಿದ್ದ ಜನ ಕೈತಪ್ಪಿ ಹೋಗುತ್ತಾರೆ ಅನ್ನಿಸಿತು. 'ಎ-ಎ-ಎ-ಎಲ್ಲರ' ಎಂದೆ. ಸಭೆ ಸಿಡಿಯಿತು. ಯಾರೋ ಸಿಳ್ಳೆ ಹಾಕಿದರು. ಇಡೀ ಹಾಡನ್ನು ನಾನು ಹಾಗೆಯೇ ಹಾಡಿದೆ, ಸಾಲು ಸಾಲಿಗೂ ತೊದಲಿ. ಒಂದು ಸಲ ಕಣ್ಣು ತಪ್ಪಿ ಅತ್ತ ಹೋಯಿತು. ಟೀಚರ ಮುಖದಲ್ಲಿ ಏನೂ ಕದಲಿರಲಿಲ್ಲ. ಬರೆದದ್ದನ್ನು ಬರೆದಂತೆ ನುಡಿಸುತ್ತಿದ್ದರು, ಆ ಹಾಡು ಬೇರೆ ಎಲ್ಲಿಯೋ ಸರಿಯಾಗಿ ನಡೆಯುತ್ತಿರುವ ಹಾಗೆ.

ಪರದೆ ಬಿದ್ದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಅಪ್ಪಿಕೊಂಡರು. ಟೀಚರ್ ಹತ್ತಿರ ಬಂದು, ನನ್ನ ಬಾಯಿಯ ಹಲ್ಲುಸೆಟ್ಟನ್ನು ನೋಡಿ, ಮೆಲ್ಲಗೆ ಹೇಳಿದರು:

"ಇಷ್ಟು ವರ್ಷ ಬೇರೆಯವರು ಮಾಡಿದ್ದನ್ನು ಇವತ್ತು ನೀವೇ ಮಾಡಿದಿರಿ. ಅದನ್ನು ನಾನು ಕಲಿಸಿರಲಿಲ್ಲ."

ಆ ಹಾಡಿನ ತುಂಡೊಂದನ್ನು ಯಾರೋ ಫೋನಿನಲ್ಲಿ ಹಿಡಿದು ರೀಲ್ ಮಾಡಿದರು. ಅದು ಊರೆಲ್ಲ ತಿರುಗಿತು. ಲ್ಯಾಬಿಗೆ ರಕ್ತ ಕೊಡಲು ಬಂದವರು ನನ್ನನ್ನು ಗುರುತು ಹಿಡಿದು ಕೈ ಚಾಚುವ ಮೊದಲು ನಗುತ್ತಿದ್ದರು. ಎರಡು ತಿಂಗಳಾದ ಮೇಲೆ ಕಾಪುವಿನ ಕಡಲಬದಿಯ ರೆಸಾರ್ಟಿನಲ್ಲಿ ಯಾರದೋ ಹುಟ್ಟುಹಬ್ಬದ ಮಧ್ಯಾಹ್ನದೂಟಕ್ಕೆ ನನ್ನನ್ನು 'ಆ ಹಾಡು' ಹಾಡಲು ಕರೆದರು. ಹೋದೆ. ಮೊದಲ ಸಾಲಿಗೇ ಒಂದು ಟೇಬಲಿನವರು ಬಾಯಲ್ಲಿ ಅಗಿದ ಕೋಳಿ ಇರುವಾಗಲೇ ನನ್ನ ಜೊತೆ ತೊದಲತೊಡಗಿದರು. ಇನ್ನೊಂದು ಟೇಬಲೂ ಸೇರಿಕೊಂಡಿತು. ತುಟಿಗಳ ಮೇಲಿನ ಮಸಾಲೆ, ಹಲ್ಲಿನ ಸಂದಿಯ ನಾರು, ಉಗುಳು ಸಿಡಿಯುವುದು, ಎಲ್ಲ ಹಗಲ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟೂ ಬಾಯಿಗಳು ನನ್ನ ಬಾಯಿಯಾಗಿದ್ದವು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಬಡಿಸಿದ್ದನ್ನೇ ಅವರು ತಿನ್ನುತ್ತಿದ್ದರು. ಮೈಕು ಕೆಳಗಿಟ್ಟು ಹೊರಗೆ ಬಂದು ಪಾರ್ಕಿಂಗಿನ ಗೋಡೆಯ ಬದಿಯಲ್ಲಿ ವಾಂತಿ ಮಾಡಿದೆ.

ಅಲ್ಲಿಂದ ನೇರ ಕಾರ್ಕಳಕ್ಕೆ ಹೋದೆ. ಟೀಚರ್ ಬಾಗಿಲು ತೆರೆದು, ನನ್ನ ಅಂಗಿಯ ಮೇಲಿನ ಕಲೆ ನೋಡಿ, ಒದ್ದೆ ಬಟ್ಟೆ ತಂದುಕೊಟ್ಟರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ 'ಕ್ಷ' ಹೊರಡಲೇ ಇಲ್ಲ. "ಅದನ್ನು ಬಿಡಿ" ಎಂದರು. "ಎಪ್ಪತ್ತೊಂದನೇ ಪುಟ ತೆಗೆಯಿರಿ." ಅದು ಆ ಹಾಡಿನ ಪುಟ.

ಆ ವರ್ಷದ ಕೊನೆಯಲ್ಲಿ ಕಾರ್ಕಳದ ಚಿಕ್ಕ ಸಭಾಭವನವೊಂದರಲ್ಲಿ ಅವರೇ ಆಟವನ್ನು ಮತ್ತೆ ಆಡಿಸಿದರು. ಒಂದು ಕೀಬೋರ್ಡು, ಎರಡು ಪಿಟೀಲು, ಭಾಷಣ ಇಲ್ಲ. ನಲವತ್ತು ಜನ ಬಂದಿರಬಹುದು. ಜಮೀನ್ದಾರನ ಪಾತ್ರಕ್ಕೆ ಕಾರ್ಯದರ್ಶಿಗಳೇ ಬಂದರು, ದೊಡ್ಡ ಮನಸ್ಸಿನವರೇ. ತಮ್ಮ ಮಾತು ಯಾರಿಗೆ ಎಲ್ಲಿ ತಾಗುತ್ತದೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಅಷ್ಟೆ. ಆಟದುದ್ದಕ್ಕೂ ನಾನು ಬರೆದಷ್ಟೇ ತೊದಲಿದೆ. ಜನ ನಕ್ಕರು, ನಗಬೇಕಾದಲ್ಲಿ ನಕ್ಕರು. ಕೊನೆಯ ಹಾಡಿಗೆ ಬಟ್ಟೆ ಹಿಡಿದು ಕುಳಿತಾಗ, ರೀಲ್ ನೋಡಿದ್ದ ಕೆಲವರು ಮೊದಲೇ ನಗಲು ಶುರುಮಾಡಿದರು. 'ಎಲ್ಲರ ಮಾತು ಹೊತ್ತೆ' ಎಂದು ನಾನು ತಡೆಯಿಲ್ಲದೆ ಹಾಡಿದೆ. ನಗು ಇನ್ನೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಉರುಳಿತು. ಎರಡನೆಯ ಸಾಲಿಗೆ ತಡವರಿಸಿತು, ಮೂರನೆಯದಕ್ಕೆ ನಿಂತಿತು. ನಗುತ್ತಿದ್ದವರಲ್ಲಿ ಒಬ್ಬರು ತಲೆ ತಗ್ಗಿಸಿ ಚಪ್ಪಲಿ ನೋಡುತ್ತ ಕುಳಿತರು. ಹಾಡು ಮುಗಿದ ಮೇಲೂ ಚಪ್ಪಾಳೆ ಬರಲಿಲ್ಲ.

"ಕೊನೆಯ ಸಾಲಿನಲ್ಲಿ ಶ್ರುತಿ ಇಳಿದಿದೆ" ಎಂದರು ಟೀಚರ್, ವಯರು ಸುತ್ತುತ್ತ.

ಅವರು ಹೋಗಿ ಈಗ ಎರಡು ವರ್ಷ. ಹೋಗುವ ಮುಂಚಿನ ಒಂದು ಸಂಗತಿ ಬರೆದು ಮುಗಿಸುತ್ತೇನೆ.

ಮಳೆಗಾಲದ ಆರಂಭದಲ್ಲಿ ಜ್ವರ ಬಿಡದೆ, ಕೈಮೇಲೆ ನೀಲಿ ಕಲೆಗಳು ಕಾಣಿಸಿ, ನಮ್ಮ ಆಸ್ಪತ್ರೆಗೆ ಸೇರಿದ್ದರು. ಅದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗಿಟ್ಟ ಗಾಜಿನ ಮೇಲಿನ ರಕ್ತದಲ್ಲಿ ಇರಬಾರದ ಕಣಗಳು ತುಂಬಿಕೊಂಡಿದ್ದನ್ನು ನೋಡಿದೆ. ಚೀಟಿಯ ಮೇಲಿನ ಹೆಸರು ನೋಡಿದ್ದು ಆಮೇಲೆ. ಸಂಜೆ ವಾರ್ಡಿಗೆ ಹೋದೆ. ದಿಂಬಿಗೆ ಒರಗಿ ಕುಳಿತಿದ್ದರು.

"ಬಿಳಿ ರಕ್ತಕಣ ಸ್ವಲ್ಪ ಏರುಪೇರು, ಪಾಸಿಟಿವ್ ಆಗಿರಿ ಅಂತ ಹೇಳಿ ಹೋದರು ಡಾಕ್ಟರು. ನರ್ಸಮ್ಮ ಪ್ರಾರ್ಥನೆ ಮಾಡಿ ಅಂದರು. ಶೀ. ಗಾಜು ನೋಡಿದವರು ನೀವಲ್ವಾ? ಎಂತ ಉಂಟು ಹೇಳಿ."

"ನಾವು ಹೇಳ್ಲಿಕ್ಕೆ ಇಲ್ಲ ಟೀಚರ್. ಡಾಕ್ಟರೇ ಹೇಳಬೇಕು."

"ಅವರು ಹೇಳಿ ಆಯ್ತಲ್ಲ. ಈಗ ನೀವು ಹೇಳಿ."

ಆ ಪದವೂ 'ಕ'ದಿಂದಲೇ ಶುರುವಾಗುತ್ತದೆ. ನಾಲಿಗೆಯ ಬುಡ ಗಂಟಲಿಗೆ ಅಂಟಿತು. ಕುತ್ತಿಗೆಯ ನರ ಉಬ್ಬಿದ್ದು ನನಗೇ ತಿಳಿಯುತ್ತಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಊಟದ ಗಾಡಿ ಬಂತು, ಟೀಚರ ಮುಂದೆ ಗಂಜಿಯ ಬಟ್ಟಲು ಇಟ್ಟು ಹೋಯಿತು. ಟೀಚರ್ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕಡೆಗೂ ಆ ಪದ ಬಂತು, ತುಂಡು ತುಂಡಾಗಿ, ಆದರೆ ಪೂರ್ತಿಯಾಗಿ.

ಅವರು ತಲೆಯಾಡಿಸಿದರು.

"ಇಡೀ ಆಸ್ಪತ್ರೆಯಲ್ಲಿ ಅದನ್ನು ಪೂರ್ತಿ ಹೇಳಿದವರು ನೀವೊಬ್ಬರೇ" ಎಂದರು. ಗಂಜಿಯನ್ನು ಒಂದು ಸಲ ಕದಡಿ, "ಇನ್ನು ಕ್ಲಾಸು ಇರುವುದಿಲ್ಲ. ಉಳಿದವರಿಗೆ ತಿಳಿಸಿಬಿಡಿ" ಎಂದರು.

ಹೊರಗೆ ಬಂದು ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕುಳಿತೆ. ಅವರ ಬಳಿ ಕಲಿಯುತ್ತಿದ್ದವರು ನಾನಲ್ಲದೆ ಹನ್ನೊಂದು ಜನ. ಗ್ರೂಪಿನಲ್ಲಿ ಮೆಸೇಜು ಹಾಕಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆ.